ಅರವತ್ತು ಗೋರಿಗಳ ಮುಂದೆ ಒಂದು ಸಲಾಮು

ಧಾರವಾಡ ತಾಲೂಕಿನ ನಮ್ಮ ಉಪ್ಪಿನಬೆಟಗೇರಿಯಂಥ ಊರಿನಲ್ಲಿ ಬೆಳೆದವರಿಗೆ ಯಾರೂ ದೆವ್ವದ ಪರಿಚಯ ಮಾಡಿಕೊಡಬೇಕಾಗಿಲ್ಲ. ಧಾರವಾಡದಿಂದ ಕೊನೆಯ ಬಸ್ಸಿಗೆ ಬಂದು ಇಳಿದು ಮನೆ ಮುಟ್ಟುವಷ್ಟರಲ್ಲಿ ಒಂದು ಹುಣಸೆಮರ, ಒಂದು ಹಾಳುಬಾವಿ, ಒಂದು ಬಿದ್ದ ಮನೆ ದಾಟಲೇಬೇಕು. ಹಿಂದೂ ಗೆಳೆಯರು ಹನುಮಪ್ಪನ ಹೆಸರು ಹೇಳಿಕೊಂಡು ಓಡುತ್ತಿದ್ದರು. ನಾವು ಬಾಯಿಪಾಠ ಬಂದಷ್ಟು ಆಯತುಲ್ ಕುರ್ಸಿ ಹೇಳಿಕೊಂಡು ಓಡುತ್ತಿದ್ದೆವು. ಓಟ ಮಾತ್ರ ಒಂದೇ ಆಗಿತ್ತು. ಮರುದಿನ ಹಗಲು ಅದೇ ಬಾವಿಯ ಬಗ್ಗೆ ದೊಡ್ಡವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಯಾವುದೋ ಮನೆಯ ಸೊಸೆ ಬಿದ್ದಿದ್ದಳಂತೆ. ಆಕೆಯ ಹೆಸರೇನು, ಯಾಕೆ ಬಿದ್ದಳು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ದೆವ್ವವಾದ ಮೇಲೆ ಹೆಸರಿನ ಹಂಗೇಕೆ?

ಈಗ ಇದೆಲ್ಲ ನೆನಪಾಗಲು ಕಾರಣ ನಮ್ಮ ಓಣಿಯ ಒಬ್ಬ ಹುಡುಗ. ಓದು ಮುಗಿಸಿ ಹುಬ್ಬಳ್ಳಿಯಲ್ಲಿ ಪ್ರವಾಸಿಗರ ಗಾಡಿ ಓಡಿಸುವ ಕೆಲಸ ಮಾಡುತ್ತಾನೆ. ಒಂದು ದಿನ ಬಂದು, "ಚಾಚಾ, ಪರದೇಶದಾಗ ರಾತ್ರಿ ಮಂದೀನ ಕರಕೊಂಡು ಊರೆಲ್ಲಾ ಅಡ್ಡಾಡಿಸಿ, ಇಲ್ಲಿ ದೆವ್ವ ಐತಿ, ಅಲ್ಲಿ ದೆವ್ವ ಐತಿ ಅಂತ ಹೇಳಿ ರೊಕ್ಕಾ ತಗೋತಾರಂತ. ವಿಜಾಪುರದಾಗ ನಾವ್ಯಾಕ ಮಾಡಬಾರ್ದು? ಅಲ್ಲಿ ಗೋರಿಗೇನು ಬರಗಾಲ?" ಎಂದು ಕೇಳಿದ. ನಕ್ಕು ಸುಮ್ಮನಾಗುವ ಪ್ರಶ್ನೆ ಇದಲ್ಲ ಎನ್ನಿಸಿತು. ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗ ಕೇಳಿದ್ದು ಸತ್ತವರ ಕತೆಯನ್ನು ಹೇಗೆ ಮಾರಬೇಕೆಂದು. ಉತ್ತರ ಹೇಳುವ ಮೊದಲು ಅವನ ಜೊತೆ ವಿಜಾಪುರವನ್ನು ಒಮ್ಮೆ ಕಾಲ್ನಡಿಗೆಯಲ್ಲಿ ನೋಡಿ ಬರೋಣ ಎಂದು ನಾವು ನಾಲ್ವರು ಹೊರಟೆವು. 2014ರ ನವೆಂಬರಿನಿಂದ ಆ ಊರಿನ ಅಧಿಕೃತ ಹೆಸರು ವಿಜಯಪುರ. ನಮ್ಮ ಕಡೆಯ ಬಾಯಿಗೆ ಅದು ಇನ್ನೂ ವಿಜಾಪುರವೇ.

ದೆವ್ವದ ಸಂತೆ

ಹುಡುಗ ಹೇಳಿದ್ದು ಸುಳ್ಳಲ್ಲ. ಇಂಗ್ಲೆಂಡಿನ ಯಾರ್ಕ್ ಎಂಬ ಹಳೆಯ ಪಟ್ಟಣದಲ್ಲಿ ಇಂಥದೊಂದು ರಾತ್ರಿ ನಡಿಗೆ 1973ರಲ್ಲಿ ಶುರುವಾಯಿತೆಂದು ಅದನ್ನು ನಡೆಸುವವರು ಹೇಳಿಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇದೊಂದು ದೊಡ್ಡ ಉದ್ಯಮವೇ ಆಗಿದೆ. ಅಲ್ಲಿ ಮೇರಿ ಕಿಂಗ್ಸ್ ಕ್ಲೋಸ್ ಎಂಬ ಇಕ್ಕಟ್ಟಿನ ಓಣಿಯೊಂದಿದೆ. ಮುಂದೆ ಅದರ ಮೇಲೆಯೇ ಹೊಸ ಕಟ್ಟಡ ಎದ್ದಿದ್ದರಿಂದ ಆ ಓಣಿ ನೆಲದಡಿ ಸೇರಿತು. 1645ರ ಪ್ಲೇಗಿನಲ್ಲಿ ಆ ಓಣಿಯವರನ್ನು ಒಳಗೇ ಬಿಟ್ಟು ಗೋಡೆ ಕಟ್ಟಿ ಸಾಯಿಸಿದರು, ಅವರ ಆತ್ಮಗಳು ಇನ್ನೂ ಅಲ್ಲೇ ಅಲೆಯುತ್ತವೆ ಎಂಬುದು ಬಹುಕಾಲದ ಕತೆ. 1992ರಲ್ಲಿ ಅತೀಂದ್ರಿಯ ಶಕ್ತಿಯುಳ್ಳವಳೆಂದು ಹೇಳಿಕೊಂಡ ಜಪಾನಿನ ಹೆಂಗಸೊಬ್ಬಳು ಅಲ್ಲೊಂದು ಪುಟ್ಟ ಹುಡುಗಿಯ ಆತ್ಮವನ್ನು ಕಂಡೆನೆಂದಳು. ಅಂದಿನಿಂದ ಬಂದವರೆಲ್ಲ ಆ ಮೂಲೆಯಲ್ಲಿ ಗೊಂಬೆಗಳನ್ನು ಇಟ್ಟು ಹೋಗತೊಡಗಿದರು.

ಆದರೆ ದಾಖಲೆ ಬೇರೆಯದನ್ನೇ ಹೇಳುತ್ತದೆ. ಯಾರನ್ನೂ ಗೋಡೆ ಕಟ್ಟಿ ಕೊಂದಿರಲಿಲ್ಲ. ಬೇನೆ ಬಿದ್ದವರನ್ನು ಊರ ಹೊರಗಿನ ಬಯಲಿಗೆ ಸಾಗಿಸುತ್ತಿದ್ದರು, ಮನೆಯಲ್ಲಿ ಉಳಿದವರಿಗೆ ಊಟ ತಲುಪಿಸುತ್ತಿದ್ದರು. ಇನ್ನು ಆ ಓಣಿಗೆ ಹೆಸರು ಕೊಟ್ಟ ಮೇರಿ ಕಿಂಗ್ ದೆವ್ವವಾಗಿರಲಿಲ್ಲ. 1630ರ ದಶಕದಲ್ಲಿ ಅಲ್ಲಿ ಬಟ್ಟೆಯ ವ್ಯಾಪಾರ ಮಾಡಿ ಮಕ್ಕಳನ್ನು ಸಾಕಿದ ಒಬ್ಬ ವಿಧವೆ ಆಕೆ. 2003ರಲ್ಲಿ ಆ ಓಣಿಯನ್ನು ಜನರಿಗೆ ತೆರೆದಾಗ ಅಲ್ಲಿ ನಿಜವಾಗಿ ಬದುಕಿದ್ದವರ ಹೆಸರು, ಕಸುಬು ಹುಡುಕಿ ತೆಗೆದು ಹೇಳುವ ಕ್ರಮವೂ ಶುರುವಾಯಿತು. ದೆವ್ವದ ಆಸೆಗೆ ಹೋದವರಿಗೆ ಒಬ್ಬ ದುಡಿಯುವ ಹೆಂಗಸು ಸಿಕ್ಕಳು.

ನಮ್ಮ ದೇಶದಲ್ಲೂ ಈ ಗಾಳಿ ಬೀಸಿದೆ. 2023ರಲ್ಲಿ ದಿಲ್ಲಿಯ ಪ್ರವಾಸೋದ್ಯಮ ಇಲಾಖೆ ದೆವ್ವದ ನಡಿಗೆಗಳನ್ನು ಶುರು ಮಾಡಿತು. ಮೊದಲು ಆರಿಸಿದ್ದು ಮಾಲ್ಚಾ ಮಹಲನ್ನು. ತುಘಲಕರ ಕಾಲದ ಬೇಟೆಯ ಮನೆ ಅದು. ಔಧದ ನವಾಬರ ವಂಶದವಳೆಂದು ಹೇಳಿಕೊಂಡ ಬೇಗಂ ವಿಲಾಯತ್ ಮಕ್ಕಳೊಂದಿಗೆ ವರ್ಷಗಟ್ಟಲೆ ದಿಲ್ಲಿಯ ರೈಲುನಿಲ್ದಾಣದಲ್ಲಿ ಬೀಡುಬಿಟ್ಟು, 1985ರಲ್ಲಿ ಸರಕಾರದಿಂದ ಆ ಪಾಳುಮನೆಯನ್ನು ಪಡೆದಳು. 1993ರಲ್ಲಿ ಆಕೆ ತೀರಿಕೊಂಡಳು. ಕೊನೆಗೆ ಒಬ್ಬನೇ ಉಳಿದ ಮಗ 2017ರಲ್ಲಿ ಅಲ್ಲೇ ಕಣ್ಣು ಮುಚ್ಚಿದ. ಅವರು ನವಾಬರ ಮನೆಯವರಾಗಿರಲಿಲ್ಲ, ದೇಶವಿಭಜನೆಯ ಗಾಯದಿಂದ ಚೇತರಿಸಿಕೊಳ್ಳಲಾಗದ ಒಂದು ಸಾಮಾನ್ಯ ಕುಟುಂಬದವರು ಎಂಬುದು 2019ರಲ್ಲಿ ಪತ್ರಿಕೆಯೊಂದರ ಶೋಧದಿಂದ ತಿಳಿಯಿತು. ಆ ದುಃಖ ಆರುವ ಮೊದಲೇ, ಆರು ವರ್ಷದಲ್ಲಿ ಅವರ ಮನೆ ದೆವ್ವ ತೋರಿಸುವ ತಾಣವಾಯಿತು.

ಅದೇ ದಿಲ್ಲಿಯಲ್ಲಿ ಇನ್ನೊಂದು ಜಾಗವಿದೆ. 1354ರಲ್ಲಿ ಕಟ್ಟಿಸಿದ ಫಿರೋಜ್ ಶಾಹ ಕೋಟ್ಲಾದ ಪಾಳು ಕೋಣೆಗಳಿಗೆ ಗುರುವಾರ ಗುರುವಾರ ಜನ ಬರುತ್ತಾರೆ. ಹಿಂದೂಗಳು, ಮುಸ್ಲಿಮರು ಇಬ್ಬರೂ ಬರುತ್ತಾರೆ. ಅಲ್ಲಿ ಜಿನ್ನುಗಳಿವೆಯೆಂದು ನಂಬಿ, ತಮ್ಮ ಕಷ್ಟಗಳನ್ನು ಕಾಗದದ ಮೇಲೆ ಅರ್ಜಿಯ ರೀತಿಯಲ್ಲಿ ಬರೆದು ಗೋಡೆಯ ಸಂದಿನಲ್ಲಿ ಇಡುತ್ತಾರೆ. ಇದು ಧರ್ಮಕ್ಕೆ ಒಪ್ಪುವುದೇ ಅಲ್ಲವೇ ಎಂಬುದು ಬೇರೆ ಚರ್ಚೆ. ನಾವು ಗಮನಿಸಬೇಕಾದದ್ದು, ಅಲ್ಲಿಗೆ ಹೋಗುವವರು ಹೆದರಲು ಹೋಗುವುದಿಲ್ಲ ಎಂಬುದನ್ನು. ಕಣ್ಣಿಗೆ ಕಾಣದವರಿಗಾದರೂ ತಮ್ಮ ಮಾತು ಕೇಳೀತೇ ಎಂದು ಹೋಗುತ್ತಾರೆ. ಒಂದೇ ಊರಿನಲ್ಲಿ ಕಾಣದ ಲೋಕದೊಡನೆ ಎರಡು ಬಗೆಯ ಸಂಬಂಧ. ನಮ್ಮ ವಿಜಾಪುರದ ನಡಿಗೆ ಯಾವುದಾಗಬೇಕು?

ಗುಮ್ಮಟದ ಕೆಳಗೆ

ಮೊದಲು ಹೋದದ್ದು ಗೋಲಗುಮ್ಮಟಕ್ಕೆ. ಊರಿನ ಹಿರಿಯರೊಬ್ಬರು ನಮಗೆ ದಾರಿ ತೋರಿಸಲು ಬಂದಿದ್ದರು. ನಲವತ್ತು ವರ್ಷದಿಂದ ಅವರು ಅದೇ ಕತೆಗಳನ್ನು ಹೇಳುತ್ತ ಬಂದವರು. ಗುಮ್ಮಟದ ಒಳಗಿನ ಸುತ್ತುಗಟ್ಟೆಯ ಮೇಲೆ ನಿಲ್ಲಿಸಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರು. ಸುಮಾರು 38 ಮೀಟರು ಆಚೆಯ ಗೋಡೆಗೆ ಕಿವಿಯಿಟ್ಟಿದ್ದ ನಮಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಕೆಳಗೆ ಬೊಟ್ಟು ಮಾಡಿ, "ರಂಭಾ ಇಲ್ಲಿಂದನ ಜಿಗಿದಾಳ್ರಿ ಸಾಹೇಬ್ರ. ನನ್ನ ಸಲುವಾಗಿ ಜೀವಾ ಕೊಡ್ತೀಯೇನು ಅಂತ ಸುಲ್ತಾನ ಚ್ಯಾಷ್ಟಿಗೆ ಕೇಳಿದ್ದ. ಅಕಿ ಖರೇನ ಕೊಟ್ಟಬಿಟ್ಲು" ಎಂದರು.

ಈ ಕತೆ ಕೇಳದ ಪ್ರವಾಸಿಯಿಲ್ಲ. ಆದರೆ ಕಣ್ಣೆದುರಿಗಿರುವ ಕಲ್ಲು ಹೇಳುವುದನ್ನು ಕೇಳಿಸಿಕೊಳ್ಳುವವರು ಕಡಿಮೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯೊಂದಿಗೆ ಆ ಗುಮ್ಮಟದಡಿ ಆತನ ಇಬ್ಬರು ಬೇಗಂರು, ಮಗಳು, ಮೊಮ್ಮಗ ಮತ್ತು ರಂಭೆ ಇದ್ದಾರೆ. ಕುಣಿಯುವ ಹೆಂಗಸೊಬ್ಬಳಿಗೆ ಅರಸುಮನೆಯ ಗುಮ್ಮಟದಡಿ, ಸುಲ್ತಾನನ ಮನೆಮಂದಿಯ ಸಾಲಿನಲ್ಲಿ ಜಾಗ ಸಿಕ್ಕಿತು. ಜಾತಿ, ಕುಲ, ಕಸುಬು ನೋಡಿ ಮಸಣದ ಜಾಗ ಹಂಚುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕತೆಯ ರಂಭೆ ಒಮ್ಮೆ ಜಿಗಿದು ಸಾಯುತ್ತಾಳೆ, ಅಷ್ಟೆ. ಗೋರಿಯ ರಂಭೆ ಮೂರೂವರೆ ಶತಮಾನಗಳಿಂದ ತನ್ನ ಜಾಗ ಬಿಟ್ಟುಕೊಡದೆ ಮಲಗಿದ್ದಾಳೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಟಕಟೆಯೊಳಗೆ ಜನ ನೋಡುವುದು ನಿಜವಾದ ಗೋರಿಗಳನ್ನಲ್ಲ, ಅವುಗಳ ನಮೂನೆಗಳನ್ನು. ಸತ್ತವರು ಇರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಮೇಲೆ ಕಾಣುವುದೊಂದು, ಕೆಳಗೆ ಇರುವುದೊಂದು. ಆ ದಿನವಿಡೀ ನಮಗೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅಲ್ಲಿಂದ ಬಾರಾ ಕಮಾನಿಗೆ ಬಂದೆವು. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್ ಶಾಹನ ಮುಗಿಯದ ಗೋರಿಯದು. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತದೆಂದು ಕಟ್ಟುವವನನ್ನೇ ಕೊಂದರೆಂಬ ಕತೆ ಇದೆ. ಇವೆರಡರ ನಡುವಿನ ದೂರವನ್ನು ಆಗಷ್ಟೇ ನಡೆದು ಬಂದಿದ್ದ ನಮ್ಮ ಹುಡುಗನೇ, "ಇಷ್ಟು ದೂರ ನೆರಳು ಹ್ಯಾಂಗ ಹೋಗತೈತಿ ಚಾಚಾ?" ಎಂದ. ಬಿಸಿಲಿನಲ್ಲಿ ನಡೆದವರಿಗೆ ನೆರಳಿನ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಹಾಗೆ ನೋಡಿದರೆ ಆ ಕಮಾನುಗಳು ಅರ್ಧಕ್ಕೆ ನಿಂತದ್ದರಲ್ಲಿ ಸೋಜಿಗವೇನಿಲ್ಲ. ಅಲಿಯ ನಂತರ ಪಟ್ಟಕ್ಕೆ ಬಂದ ಸಿಕಂದರ್ ಇನ್ನೂ ಸಣ್ಣ ಹುಡುಗ. ಸರದಾರರ ಗುಂಪುಗಾರಿಕೆ ಒಂದು ಕಡೆ, ಮೊಗಲರ ಒತ್ತಡ ಇನ್ನೊಂದು ಕಡೆ. ಗುಮ್ಮಟ ಮುಗಿಸುವ ಹಣವಾಗಲಿ ಬಿಡುವಾಗಲಿ ಆ ರಾಜ್ಯಕ್ಕೆ ಉಳಿದಿರಲಿಲ್ಲ.

ಮುಂದೆ ಜೋಡಗುಮ್ಮಟ. ಒಂದು ಖಾನ್ ಮುಹಮ್ಮದ್ ಮತ್ತು ಆತನ ಮಗ ಖವಾಸ್ ಖಾನನದು. ಇನ್ನೊಂದು ಸೂಫಿ ಅಬ್ದುಲ್ ರಜಾಕ್ ಖಾದ್ರಿಯವರದು. ಔರಂಗಜೇಬನ ಸೈನ್ಯ ಕೈಗೆ ಸಿಕ್ಕಾಗ ಬಿಟ್ಟುಕಳಿಸಿದನೆಂದು ಖಾನ್ ಮುಹಮ್ಮದನನ್ನು ದ್ರೋಹಿಯೆಂದು ಕೊಂದರೆಂದು ಹೇಳುತ್ತಾರೆ. ದ್ರೋಹಿ ಎನಿಸಿಕೊಂಡವನೂ ದೇವರ ದಾರಿ ತೋರಿದವರೂ ಅಕ್ಕಪಕ್ಕದಲ್ಲೇ ಇದ್ದಾರೆ. ಹರಕೆ ಹೊತ್ತು ಬರುವ ಹಳ್ಳಿಯ ಹೆಣ್ಣುಮಕ್ಕಳು ಸಕ್ಕರೆ ಓದಿಸಿಕೊಂಡು, ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಅಲ್ಲಿ ಯಾರಿಗೂ ಹೆದರಿಕೆಯಿಲ್ಲ. ಬ್ರಿಟಿಷರಿಗೂ ಇರಲಿಲ್ಲ. 1885ರ ಸುಮಾರಿಗೆ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗ ಹಳೆಯ ಮಹಲುಗಳೆಲ್ಲ ಸಾಹೇಬರ ಕಚೇರಿ, ಬಂಗಲೆಗಳಾದವು. ಜೋಡಗುಮ್ಮಟದ ಒಂದು ಗೋರಿಯಲ್ಲಿ ಇಂಜಿನಿಯರ್ ಸಾಹೇಬರು ಸಂಸಾರ ಹೂಡಿದ್ದರು. ದೆವ್ವಗಳೂ ಸರಕಾರಿ ಅಧಿಕಾರಿಯ ತಂಟೆಗೆ ಹೋಗಲಿಲ್ಲ!

ಏಳೋ, ಅರವತ್ತೋ?

ದೆವ್ವದ ನಡಿಗೆಯೇನಾದರೂ ವಿಜಾಪುರದಲ್ಲಿ ಶುರುವಾದರೆ ಅದರ ಕೊನೆಯ ನಿಲ್ದಾಣ ಯಾವುದೆಂಬುದು ಎಲ್ಲರಿಗೂ ಗೊತ್ತು: ಸಾಠ್ ಕಬರ್. ಊರಿನಿಂದ ಪಶ್ಚಿಮಕ್ಕೆ, ಅಫಜಲಪುರ ಟಕ್ಕೆಯ ಆಚೆ, ಹೊಲಗಳ ನಡುವೆ ಇದೆ. ಅನೇಕರು ಇದನ್ನು 'ಸಾತ್ ಕಬರ್' ಎನ್ನುತ್ತಾರೆ. ಸಾತ್ ಎಂದರೆ ಏಳು. ಸಾಠ್ ಎಂದರೆ ಅರವತ್ತು. ನಾಲಿಗೆ ಸ್ವಲ್ಪ ಜಾರಿದರೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ನಾವು ಹೋದಾಗ ಹೊತ್ತು ಇಳಿಯುತ್ತಿತ್ತು. ಜಾಲಿಗಿಡಗಳ ನಡುವೆ ಒಂದು ಅಗಲವಾದ ಕಲ್ಲಿನ ಕಟ್ಟೆ, ಅದರ ಮೇಲೆ ಸಾಲುಸಾಲಾಗಿ ಕರಿಕಲ್ಲಿನ ಗೋರಿಗಳು. ಒಂದೇ ಅಳತೆ, ಒಂದೇ ಮಾಟ. ಎಣಿಸಿದರೆ ಅರವತ್ಮೂರು. ಜೊತೆಗೆ ಮುಚ್ಚದೆ ಬಿಟ್ಟ ಒಂದು ಖಾಲಿ ಗುಂಡಿ. ಗೋರಿಗಳ ನೆತ್ತಿ ಚಪ್ಪಟೆಯಾಗಿದೆ. ನಮ್ಮಲ್ಲಿ ಗಂಡಸರ ಗೋರಿಯ ನೆತ್ತಿಯ ಮೇಲೆ ಉದ್ದನೆಯ ದಿಂಡು ಇರುತ್ತದೆ. ಚಪ್ಪಟೆಯಾದದ್ದು ಹೆಣ್ಣಿನ ಗೋರಿ. ಹೀಗಾಗಿ ಇದು ಹೆಂಗಸರ ಕಬರಸ್ತಾನ ಎಂಬುದರಲ್ಲಿ ಅನುಮಾನವಿಲ್ಲ.

ಹಿರಿಯರು ದನಿ ತಗ್ಗಿಸಿದರು. "ಇಲ್ಲಿ ಜೋರಾಗಿ ಮಾತಾಡಬ್ಯಾಡ್ರಿ. ಅಫಜಲಖಾನ ಶಿವಾಜಿ ಮ್ಯಾಲೆ ದಂಡೆತ್ತಿ ಹೊಂಟಾಗ, ನೀ ತಿರುಗಿ ಬರಂಗಿಲ್ಲ ಅಂತ ಜೋತಿಷಿ ಹೇಳಿದ್ದ. ನಾ ಸತ್ತ ಮ್ಯಾಲೆ ನನ್ನ ಹೆಂಡ್ರು ಇನ್ನೊಬ್ಬರ ಕೈಗೆ ಸಿಗಬಾರದಂತ ಒಬ್ಬೊಬ್ಬರನ್ನ ಬಾವಿಗೆ ನೂಕಿದ. ಒಬ್ಬಾಕಿ ಓಡಿದ್ಲು. ಆ ಖಾಲಿ ಕುಣಿ ಅಕೀದು." ಸಮೀಪದ ಬಾವಿಯನ್ನೂ ತೋರಿಸಿದರು. ಗಾಳಿ ನಿಂತಿತ್ತು. ಸುಳ್ಳು ಹೇಳುವುದೇಕೆ, ನಮ್ಮೂರಿನ ಹುಣಸೆಮರದ ಹಳೆಯ ಭಯ ಬೆನ್ನಿನ ಮೇಲೆ ಹರಿದುಹೋಯಿತು.

ಭಯ ಇಳಿದ ಮೇಲೆ ಯೋಚಿಸಿದೆವು. ಪಶ್ಚಿಮ ಭಾರತದ ಪುರಾತತ್ವ ಇಲಾಖೆಯ ಹೆನ್ರಿ ಕಝೆನ್ಸ್ ವಿಜಾಪುರದ ಕಟ್ಟಡಗಳ ಕುರಿತ ತನ್ನ ಗ್ರಂಥವನ್ನು 1916ರಲ್ಲಿ ಪ್ರಕಟಿಸಿದ. ಈ ಕತೆಯನ್ನು ಆತ ಸ್ಥಳೀಯರ ಬಾಯಿಂದ ಕೇಳಿ ಬರೆದುಕೊಂಡ. ಅಲ್ಲಿಂದ ಅದು ಪ್ರವಾಸದ ಕೈಪಿಡಿಗಳಿಗೆ ಹರಿದು ಇತಿಹಾಸದ ವೇಷ ತೊಟ್ಟಿತು. ಜೋತಿಷಿಯ ಮಾತನ್ನು ನಂಬಿಯೇ ಅಫಜಲಖಾನ ಜೀವಂತ ಇರುವಾಗ ತನ್ನ ಗೋರಿ ಕಟ್ಟಿಸಿಕೊಂಡ ಎಂಬುದು ಕತೆಯ ಒಂದು ಆಧಾರ. ಆದರೆ ಆತನ ಮಸೀದಿಯ ಶಾಸನ 1653ರದು. ಆತ ಪ್ರತಾಪಗಡದಲ್ಲಿ ಸತ್ತದ್ದು 1659ರ ನವೆಂಬರ್ 10ರಂದು. ಆರು ವರ್ಷ ಮೊದಲೇ ಆ ದಂಡಯಾತ್ರೆಯ ಭವಿಷ್ಯ ಯಾರು ಹೇಳಿದ್ದರು? ಬದುಕಿರುವಾಗಲೇ ಗೋರಿ ಕಟ್ಟಿಸಿಕೊಳ್ಳುವುದು ಆ ಕಾಲದ ದೊಡ್ಡವರ ರೂಢಿ. ಗೋಲಗುಮ್ಮಟವೂ ಹಾಗೆಯೇ ಶುರುವಾದದ್ದು, ಬಾರಾ ಕಮಾನೂ ಹಾಗೆಯೇ. ಪ್ರತಾಪಗಡದ ಬುಡದಲ್ಲೇ ಮಣ್ಣಾದ ಅಫಜಲಖಾನನಿಗೆ ವಿಜಾಪುರದ ಆ ಗೋರಿ ಒದಗಲಿಲ್ಲ ಎಂಬುದಷ್ಟೇ ನಿಜ. ಖಾಲಿ ಉಳಿದ ಗೋರಿಯನ್ನು ಕತೆಯೊಂದು ತುಂಬಿಕೊಂಡಿತು.

ಇನ್ನೊಂದು ಸೂಕ್ಷ್ಮವಿದೆ. ಅವಸರದಲ್ಲಿ ಹೆಂಗಸರನ್ನು ಬಾವಿಗೆ ನೂಕಿ ದಂಡಿಗೆ ಹೊರಟವನು ಒಬ್ಬೊಬ್ಬರಿಗೂ ಒಂದೇ ಅಳತೆಯ ನಯವಾದ ಗೋರಿ ಕಡೆಯಿಸಿ, ಸಾಲು ತಪ್ಪದಂತೆ ಕೂರಿಸಿದನೇ? ದೊಡ್ಡ ಮನೆತನವೊಂದರ ಹೆಣ್ಣುಮಕ್ಕಳು, ದಾಸಿಯರು, ಸಾಕಿದವರು ಕಾಲಕಾಲಕ್ಕೆ ತೀರಿಕೊಂಡಾಗ ಮಣ್ಣು ಮಾಡಿದ ಜನಾನಾದ ಕಬರಸ್ತಾನ ಇದೆಂದು ತಿಳಿದರೆ ಆ ಸಾಲಿಗೂ ಅಳತೆಗೂ ಅರ್ಥ ಬರುತ್ತದೆ. ಮುಂದಿನವಳಿಗಾಗಿ ತೆರೆದಿಟ್ಟ ಗುಂಡಿಗೂ ಅರ್ಥ ಬರುತ್ತದೆ. ಇದೇ ಅಫಜಲಖಾನ ಕಟ್ಟಿಸಿದ ಮಸೀದಿ ಎರಡು ಅಂತಸ್ತಿನದು. ವಿಜಾಪುರದಲ್ಲಿ ಅಂಥದು ಬೇರೆ ಇಲ್ಲ. ಮೇಲಂತಸ್ತು ಹೆಂಗಸರ ನಮಾಜಿಗಾಗಿ ಇದ್ದಿರಬೇಕೆಂದು ಊಹಿಸುತ್ತಾರೆ. ಇಂದಿಗೂ ಎಷ್ಟೋ ಊರುಗಳಲ್ಲಿ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಕೇಳಿದರೆ ಹುಬ್ಬು ಗಂಟಿಕ್ಕುವ ನಾವು, ಈ ಕಲ್ಲಿನ ಮೇಲಂತಸ್ತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಅಫಜಲಖಾನನನ್ನು ಸಂತನನ್ನಾಗಿ ಮಾಡುವ ಉಮೇದು ನಮಗಿಲ್ಲ. ಆತ ತನ್ನ ಕಾಲದ ಒಬ್ಬ ಕಠೋರ ಸರದಾರ. ಆದರೆ ಒಬ್ಬ ಸರದಾರನನ್ನು ರಾಕ್ಷಸನನ್ನಾಗಿ ಮಾಡಲು ಅರವತ್ಮೂರು ಹೆಂಗಸರನ್ನು ಮತ್ತೆ ಮತ್ತೆ ಬಾವಿಗೆ ನೂಕಬೇಕೇ? ಅವರಿಗೆ ಕತೆಯಲ್ಲಿ ಹೆಸರಿಲ್ಲ, ಮಾತಿಲ್ಲ, ಸಾಯುವುದೊಂದೇ ಕೆಲಸ. ಇನ್ನೊಂದು ಮಾತು. ಆ ದಂಡಯಾತ್ರೆಗೆ ಅಫಜಲಖಾನನನ್ನು ಕಳಿಸಿದ ದರಬಾರಿನಲ್ಲಿ ಮುಖ್ಯ ದನಿ ಹೆಂಗಸಿನದೇ ಆಗಿತ್ತು. ಮುಹಮ್ಮದ್ ಆದಿಲ್ ಶಾಹನ ವಿಧವೆ ಖದೀಜಾ ಸುಲ್ತಾನಾ, ಅಂದರೆ ಬಡೀ ಸಾಹೇಬಾ, ಚಿಕ್ಕ ವಯಸ್ಸಿನ ಎರಡನೆಯ ಅಲಿಯ ಹಿಂದೆ ನಿಂತು ರಾಜ್ಯದ ಸೂತ್ರ ಹಿಡಿದಿದ್ದಳು. ಗೋಲ್ಕೊಂಡಾದ ಸುಲ್ತಾನನ ಸಹೋದರಿ ಆಕೆ. ರುಸ್ತಮಿ ಎಂಬ ಕವಿಯಿಂದ 'ಖಾವರನಾಮಾ' ಎಂಬ ದೊಡ್ಡ ದಖನಿ ಕಾವ್ಯ ಬರೆಸಿದಳು. 1661ರಲ್ಲಿ ಡಚ್ಚರ ಹಡಗು ಹತ್ತಿ ಮಕ್ಕಾ ಯಾತ್ರೆಗೆ ಹೊರಟಳು. ಅದಕ್ಕೂ ಮೊದಲು ಚಾಂದ್ ಬೀಬಿ ಇದೇ ಊರಿನಲ್ಲಿ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯ ನೋಡಿಕೊಂಡಿದ್ದಳು. ಬಡೀ ಸಾಹೇಬಾಳ ಹೆಸರನ್ನು ನಮ್ಮ ಹಿರಿಯರು ಇಡೀ ದಿನದಲ್ಲಿ ಒಮ್ಮೆಯೂ ಎತ್ತಲಿಲ್ಲ. ಆಕೆ ಬಾವಿಗೆ ಬೀಳಲಿಲ್ಲವಲ್ಲ!

ದೆವ್ವವಾಗದ ಸತ್ತವರು

ವಿಜಾಪುರದಲ್ಲಿ ಸತ್ತವರನ್ನು ಎಣಿಸಲು ಹೊರಟರೆ ಅರವತ್ಮೂರಕ್ಕೆ ನಿಲ್ಲುವುದಿಲ್ಲ. ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 1686ರ ಸೆಪ್ಟೆಂಬರಿನಲ್ಲಿ ಕೋಟೆ ಔರಂಗಜೇಬನ ಕೈಸೇರಿತು. ಕೋಟೆಯ ಒಳಗಿನವರೂ ಹೊರಗಿನವರೂ ಹಸಿವಿನಿಂದ ಸತ್ತರು. ಗೆದ್ದವರನ್ನೂ ಸಾವು ಬಿಡಲಿಲ್ಲ. 1688ರಲ್ಲಿ ಬಂದ ಪ್ಲೇಗು ಊರನ್ನು ಬರಿದು ಮಾಡಿತು. ಔರಂಗಜೇಬನ ಬೇಗಂ ಔರಂಗಾಬಾದಿ ಮಹಲ್ ಇದೇ ವಿಜಾಪುರದಲ್ಲಿ ಅದಕ್ಕೆ ಬಲಿಯಾದಳು. ನೂರು ವರ್ಷದ ನಂತರ, 1791–92ರಲ್ಲಿ, ನಮ್ಮ ಉತ್ತರ ಕರ್ನಾಟಕದ ಜನ ಇಂದಿಗೂ ಮರೆಯದ ಡೋಗಿ ಬರ ಬಂತು. ಹೂಳುವವರಿಲ್ಲದೆ ದಾರಿಯಲ್ಲಿ ತಲೆಬುರುಡೆಗಳು ಬಿದ್ದಿದ್ದರಿಂದ ಅದಕ್ಕೆ ಆ ಹೆಸರು. ಮತ್ತೆ 1876ರ ಬರಗಾಲ. 1872 ಮತ್ತು 1881ರ ಜನಗಣತಿಗಳ ನಡುವೆ ಈ ಜಿಲ್ಲೆಯ ಜನಸಂಖ್ಯೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಲ್ಲವಾಯಿತು.

ನಮ್ಮ ಹುಬ್ಬಳ್ಳಿ ಧಾರವಾಡದ ಕಡೆಗೂ ಸಾವು ಬಂದದ್ದು ಹೀಗೆಯೇ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್ಕಿನ್ ಕಂಡುಹಿಡಿದ ಹೊಸ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಹಳ್ಳಿಯವರು ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಹೂಡಿದರು. ಹಿಂತಿರುಗಿದಾಗ ಕೆಲವು ಮನೆಗಳ ಕೀಲಿ ತೆಗೆಯಲು ಯಾರೂ ಉಳಿದಿರಲಿಲ್ಲ. ಬಾಲ್ಯದಲ್ಲಿ ನಾವು ಕಣ್ಣುಮುಚ್ಚಿ ಓಡಿ ದಾಟುತ್ತಿದ್ದ ಬಿದ್ದ ಮನೆಗಳು ಊರೂರಿನಲ್ಲಿ ಎಷ್ಟಿಲ್ಲ! ಅವುಗಳಲ್ಲಿ ಇದ್ದದ್ದು ದೆವ್ವವಲ್ಲ. ತಮ್ಮವರೆಂದು ಹೇಳಿಕೊಳ್ಳಲು ಯಾರೂ ಉಳಿಯದವರ ನೆನಪು.

ಈ ಲಕ್ಷಾಂತರ ಜನ ಯಾಕೆ ದೆವ್ವವಾಗಲಿಲ್ಲ? ದೆವ್ವದ ಕತೆಗೂ ದೊಡ್ಡ ಮನೆಯೇ ಬೇಕು. ಸುಲ್ತಾನ, ಸುಂದರಿ, ಬಾವಿ, ಬೆಳದಿಂಗಳು ಬೇಕು. ಹಸಿದು ಸತ್ತವರ ಕತೆಗೆ ಟಿಕೀಟು ಕೊಳ್ಳುವವರಿಲ್ಲ. ಹಸಿವಿನ ಕತೆ ಹೇಳಿದರೆ ಕೇಳಿದವನು ಹೆದರುವುದಿಲ್ಲ, ನಾಚುತ್ತಾನೆ.

ಸತ್ತ ಹೆಂಗಸರ ದನಿ ಕೇಳಬೇಕೆನ್ನುವವರಿಗೆ ವಿಜಾಪುರದಲ್ಲಿ ಬೇರೊಂದು ದಾರಿಯಿದೆ. ಇಲ್ಲಿಯ ಸೂಫಿಗಳ ಪರಂಪರೆಯಲ್ಲಿ 'ಚಕ್ಕಿನಾಮಾ' ಎಂಬ ದಖನಿ ಹಾಡುಗಳು ಹುಟ್ಟಿದವು. ಚಕ್ಕಿ ಎಂದರೆ ಬೀಸುವ ಕಲ್ಲು. ಬೆಳಗಿನ ಜಾವ ಜೋಳ ಬೀಸುತ್ತ ಬಡ ಹೆಂಗಸರು ದೇವರ ನೆನಪನ್ನು ಕಲ್ಲಿನ ಸುತ್ತಿಗೆ ಹೊಂದಿಸಿ ಹಾಡುತ್ತಿದ್ದರು. ಅಮೇರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರ ತನ್ನ ವಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾನೆ. ಇಸ್ಲಾಂ ಇಲ್ಲಿಯ ಮನೆಗಳ ಒಳಗೆ ಬಂದದ್ದು ಕತ್ತಿಯ ಮೊನೆಯಿಂದ ಎನ್ನುವವರಿಗೆ ಬೀಸುವ ಕಲ್ಲು ಬೇರೆಯ ಉತ್ತರ ಕೊಡುತ್ತದೆ. ಅದೇ ನಸುಕಿನಲ್ಲಿ ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದವೂ ಕೇಳುತ್ತಿತ್ತು. ಎರಡು ಮನೆಯ ಹಿಟ್ಟಿಗೂ ಬಣ್ಣ ಒಂದೇ.

ಹೆದರದೆ ನೆನೆಯುವ ಬಗೆ

ಸತ್ತವರೊಡನೆ ನಡೆಯುವುದನ್ನು ನಮಗೆ ಪರದೇಶದವರು ಕಲಿಸಬೇಕಾಗಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಮ್ಮಿನ ಒಂಬತ್ತನೆಯ ರಾತ್ರಿಗೆ 'ಕತ್ತಲರಾತ್ರಿ' ಎನ್ನುತ್ತಾರೆ. ಮೂಲದಲ್ಲಿ ಅದು 'ಕತಲ್ ಕಿ ರಾತ್', ಕೊಲೆಯ ರಾತ್ರಿ. ಕರ್ಬಲಾದಲ್ಲಿ ಬಿದ್ದವರ ದುಃಖ ಕನ್ನಡಕ್ಕೆ ಬಂದು ಕತ್ತಲೆಯಾಯಿತು. ಆ ರಾತ್ರಿ ಊರಿಗೆ ಊರೇ ಎಚ್ಚರವಿದ್ದು, ಪಂಜಾಗಳ ಹಿಂದೆ ರಿವಾಯತ್ ಪದ ಹಾಡುತ್ತ ನಡೆಯುತ್ತದೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಇದು ನಡೆಯುತ್ತದೆ. ಶಬೆ ಬರಾತಿಗೆ ನಾವು ಕಬರಸ್ತಾನಕ್ಕೆ ಹೋಗುತ್ತೇವೆ. ಮಾನವಮಿ ಅಮಾವಾಸ್ಯೆಗೆ ಪಕ್ಕದ ಮನೆಯವರು ಹಿರಿಯರಿಗೆ ಎಡೆ ಇಡುತ್ತಾರೆ.

ಕಿತ್ತೂರಿನ ನೆನಪೂ ಹೀಗೆಯೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಗುಂಡಿಗೆ ಬಿದ್ದ. ಪ್ರಸಿದ್ಧ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ ಅವನು. ಧಾರವಾಡದಲ್ಲಿ ಅವನಿಗೆ ಹೆಸರು ಕೆತ್ತಿದ ಕಲ್ಲು ಎದ್ದಿತು. ಅದೇ ದಿನ ಎರಡೂ ಕಡೆ ಬಿದ್ದ ಸಿಪಾಯಿಗಳಿಗೆ ಕಲ್ಲಿಲ್ಲ. ಆದರೆ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ನಂದಗಡದ ಸಮಾಧಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ಇಂದಿಗೂ ತೊಟ್ಟಿಲು ಕಟ್ಟಿ ಮಕ್ಕಳ ಭಾಗ್ಯ ಬೇಡುತ್ತಾರೆ. ನೇಣಿಗೆ ಬಿದ್ದವನು ದೆವ್ವವಾಗುತ್ತಾನೆಂದು ಹೇಳುವ ನಾಡಿನಲ್ಲಿ ರಾಯಣ್ಣ ದೆವ್ವವಾಗಲಿಲ್ಲ, ಮನೆಯ ಮಗನಾದ. ಜನ ಯಾರನ್ನು ತಮ್ಮವನೆಂದು ತಿಳಿಯುತ್ತಾರೋ ಅವನ ಗೋರಿಗೆ ಹೆದರುವುದಿಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಕಬರಸ್ತಾನ ದಾಟುವಾಗ ಒಳಗಿರುವವರಿಗೆ ಸಲಾಮು ಹೇಳಬೇಕೆಂಬುದು. ನೀವು ಮುಂದೆ ಹೋದಿರಿ, ನಾವೂ ಹಿಂದಿನಿಂದ ಬರುವವರೇ ಎಂಬುದು ಅದರ ಭಾವ. ಮೊದಲು ಗೋರಿಗಳ ಭೇಟಿಯನ್ನು ತಡೆದಿದ್ದ ಪ್ರವಾದಿಯವರು ಆಮೇಲೆ ಅನುಮತಿ ಕೊಟ್ಟದ್ದು, ಅದು ಮನುಷ್ಯನಿಗೆ ತನ್ನ ಕೊನೆಯನ್ನು ನೆನಪಿಸುತ್ತದೆಂಬ ಕಾರಣಕ್ಕೆ. ದೆವ್ವದ ನಡಿಗೆ ಮತ್ತು ಜಿಯಾರತ್ ಎರಡೂ ಹೋಗುವುದು ಅದೇ ಗೋರಿಗೆ. ದೆವ್ವದ ನಡಿಗೆಯಲ್ಲಿ ಸತ್ತವನು ಬೇರೆಯವನು, ನಮ್ಮನ್ನು ಹೆದರಿಸಲು ಇರುವವನು. ಜಿಯಾರತಿನಲ್ಲಿ ಅವನು ನಮ್ಮ ಮುಂದಿನ ಸಾಲಿನವನು.

ಸಾಠ್ ಕಬರಿನ ಕಟ್ಟೆಯಿಂದ ಇಳಿಯುವ ಮೊದಲು ನಾವು ಕೈಯೆತ್ತಿ ಫಾತಿಹಾ ಓದಿದೆವು. ನಮ್ಮ ಜೊತೆ ಬಂದಿದ್ದ ಲಿಂಗಾಯತ ಗೆಳೆಯರು ತಲೆಬಾಗಿ ನಿಂತರು. ದನಿ ತಗ್ಗಿಸಿ ಕತೆ ಹೇಳಿದ ಹಿರಿಯರು ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಮಂದೀನ ಕರಕೊಂಡು ಬಂದೇನ್ರಿ, ಇವರಿಗೆ ಓದಿದವರು ಭಾಳ ಕಡಿಮಿ" ಎಂದರು.

ದಾರಿಯಲ್ಲಿ ಹುಡುಗ ಸುಮ್ಮನೆ ಕುಳಿತಿದ್ದ. ಬಾಗಲಕೋಟೆ ದಾಟಿದ ಮೇಲೆ, "ಚಾಚಾ, ನಡಿಗಿ ಮಾಡ್ತೀನಿ. ಕತೀನೂ ಹೇಳ್ತೀನಿ, ಇಲ್ಲಂದ್ರ ಮಂದಿ ಬರಂಗಿಲ್ಲ. ಕತಿ ಮುಗಿದ ಮ್ಯಾಲೆ, ಇದು ಕತಿ, ಖರೇ ಏನಂದ್ರ ಅಂತ ಶುರು ಮಾಡ್ತೀನಿ. ಬಡೀ ಸಾಹೇಬಾಂದೂ ಹೇಳ್ತೀನಿ, ಡೋಗಿ ಬರದ್ದೂ ಹೇಳ್ತೀನಿ. ಕಡೀಕ ಆ ಕಟ್ಟಿ ಮ್ಯಾಲೆ ಎರಡು ನಿಮಿಷ ಸುಮ್ನ ನಿಲ್ಲಸ್ತೀನಿ. ಆಗೂದಿಲ್ಲೇನು?" ಎಂದ.

ಆಗುತ್ತದೆ ಎಂದೆವು. ಊರಿನಲ್ಲಿ ಇಳಿದಾಗ ನಡುರಾತ್ರಿ. ಹುಣಸೆಮರದ ಹತ್ತಿರದ ಹಾಳುಬಾವಿಯ ಬಳಿ ಯಾರೂ ಓಡಲಿಲ್ಲ. ಹೆಸರು ಗೊತ್ತಿಲ್ಲದ ಆ ಸೊಸೆಗೆ ಮನಸ್ಸಿನಲ್ಲೇ ಒಂದು ಸಲಾಮು ಹೇಳಿ, ನಿಧಾನ ನಡೆದು ಮನೆ ಸೇರಿದೆವು.